ಬಾಳೆಬುಡದಲ್ಲಿ ಒರಗಿಸಿಟ್ಟ ಫೋನು

ಕೊರೊನಾದ ಗಲಾಟೆ ತಣ್ಣಗಾಗಿ ಕೋರ್ಟುಗಳು ಮತ್ತೆ ಮಾಮೂಲಿನಂತೆ ನಡೆಯತೊಡಗಿದ್ದ ಕಾಲ. 2022 ಇರಬೇಕು, ಅದರ ಮರುವರ್ಷವೂ ಇರಬಹುದು. ನಾನು ತಿಪಟೂರಿನಲ್ಲಿ ವಕೀಲಿಕೆ ಮಾಡುತ್ತಿದ್ದೆ. ನನ್ನ ಕೆಲಸದಲ್ಲಿ ಹೆಚ್ಚಿನದು ತೋಟದ ವ್ಯಾಜ್ಯಗಳೇ: ಪಾಲು, ದಾರಿ, ಬದು, ಬಿದ್ದ ಕಾಯಿ ಯಾರದು ಅನ್ನುವ ಜಗಳ.

ನನ್ನ ನೆನಪಿನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿ, ಅದರಿಂದ ಹೊಟ್ಟೆ ತುಂಬದೆಂದು ಲಾ ಓದಿ, ತುಮಕೂರು ಬೆಂಗಳೂರು ಎಂದು ಅಲೆದು ಎಲ್ಲೂ ನಿಲ್ಲಲಾಗದೆ ಊರ ಹತ್ತಿರಕ್ಕೆ ಬಂದವನು ನಾನು. ಇಷ್ಟು ವರ್ಷ ಸಾಕ್ಷಿಗಳಿಗೆ ಪಾಟೀಸವಾಲು ಹಾಕಿ ಹಾಕಿ ಗೊತ್ತಾದ ವಿಷಯವೆಂದರೆ, ಮನುಷ್ಯ ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ತಪ್ಪು ನೆನಪನ್ನು ನಿಜವೆಂದು ನಂಬಿ ಹೇಳುತ್ತಾನೆ. ಆ ಅನುಮಾನ ಈಗ ನನ್ನ ಮೇಲೂ ತಿರುಗಿದೆ. ಆದ್ದರಿಂದ ಇಲ್ಲಿ ಖಚಿತವಿರುವುದನ್ನು ಖಚಿತವಾಗಿ ಹೇಳುತ್ತೇನೆ, ಇಲ್ಲದಿದ್ದಾಗ ಇಲ್ಲ ಅನ್ನುತ್ತೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.

ಆಗ ನನ್ನ ಕಕ್ಷಿದಾರರಲ್ಲಿ ಗೋವಿಂದಪ್ಪ ಎಂಬುವರೊಬ್ಬರಿದ್ದರು. ಹಂದನಕೆರೆ ರಸ್ತೆಯ ಒಂದು ಹಳ್ಳಿಯವರು. ಅವರ ತೋಟಕ್ಕೆ ಅಂಟಿಕೊಂಡೇ ಅವರ ದೊಡ್ಡಪ್ಪನ ಮಗ ನರಸಿಂಹಯ್ಯನ ತೋಟ. ನಡುವಿನ ಹುಣಸೆಮರದ ಹತ್ತಿರ ಗಡಿಕಲ್ಲು ಯಾವಾಗಲೋ ಜಾಗ ಬದಲಿಸಿ, ಗೋವಿಂದಪ್ಪನವರ ಎರಡು ಸಾಲು ತೆಂಗು ನರಸಿಂಹಯ್ಯನ ಕಡೆಗೆ ಸೇರಿಹೋಗಿತ್ತು. ಕಲ್ಲು ಸರಿಸಿದ್ದು ಅವನೇ ಎಂದು ಇವರು, ಕಲ್ಲು ಹುಟ್ಟಿದಾಗಿನಿಂದ ಅಲ್ಲೇ ಇದೆ ಎಂದು ಅವನು. ದಾವೆ ಬಹಳ ಕಾಲದಿಂದ ಎಳೆಯುತ್ತಿತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ನನ್ನ ಬೀರುವಿನಲ್ಲಿ ಅಂಥವು ಸಾಲಾಗಿ ಕೂತಿದ್ದವು.

ಒಂದು ದಿನ ಕೋರ್ಟು ಮುಗಿಸಿ ಆಫೀಸಿಗೆ ಬಂದಾಗ ಗೋವಿಂದಪ್ಪನವರ ಮಗಳು ಪವಿತ್ರ ಒಬ್ಬಳೇ ಬಂದು ಕೂತಿದ್ದಳು. ತಿಪಟೂರಿನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವಳಿಗೆ ಅಮ್ಮಸಂದ್ರದ ಕಡೆಯ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು. ಅದು ಮುರಿದುಬಿದ್ದಿದೆ ಎಂಬ ಸುದ್ದಿಯೂ ನನಗೆ ಮುಟ್ಟಿತ್ತು. ಅವಳು ಅಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು, "ಸಾರ್, ನೋಟಿಸ್ ಕೊಡ್ಬೇಕು. ನನ್ ಮಾನ ಕಳೆದೋರಿಗೆ."

"ಯಾರಮ್ಮ ಅವರು?"

"ಇಬ್ರು. ಎರಡನೇಯವ್ರು ನರಸಿಂಹಯ್ಯ ದೊಡ್ಡಪ್ಪ."

"ಮೊದಲನೆಯವರು?"

"ನಮ್ಮಪ್ಪ."

ನಾನು ಪೆನ್ನು ಕೆಳಗಿಟ್ಟೆ. ಅವಳು ಮೊಬೈಲು ತೆಗೆದು ಮೇಜಿನ ಮೇಲಿಟ್ಟಳು. ತಾನು ಮುಖ ತಿರುಗಿಸಿಕೊಂಡು, ನೋಡಿ ಎಂದಳು.

ಮದುವೆ ಗಂಡಿನ ಮನೆಯವರಿಗೆ ಹೋಗಿದ್ದ ವಿಡಿಯೋ ಅದು. ತೆಂಗಿನ ತೋಟದ ಮೂಲೆ, ಅರಿಶಿನ ಕುಂಕುಮ ಬಳಿದ ಒಂದು ಕಲ್ಲು, ಸುತ್ತ ಬಾಳೆಗಿಡ. ಲಂಗ ದಾವಣಿ ಉಟ್ಟ ಒಬ್ಬ ಹುಡುಗಿ ಕೂದಲು ಬಿಚ್ಚಿಕೊಂಡು, ಕಣ್ಣು ಮೇಲೆ ಮಾಡಿ, ತಮಟೆಯ ಏಟಿಗೆ ತೂಗುತ್ತಿದ್ದಾಳೆ. ಕೆಳಗೆ ಒಂದು ಒಕ್ಕಣೆ: ಮದುವೆ ಮಾಡ್ಕೊಳೋರೇ ಹುಷಾರು, ಹುಡುಗಿಗೆ ಗಾಳಿ ಸೋಕಿದೆ. ಗಂಡಿನ ಸೋದರಮಾವ ಅದನ್ನು ಗೋವಿಂದಪ್ಪನವರಿಗೇ ತೋರಿಸಿದ್ದರು. ಕಳಿಸಿದ ನಂಬರು ನರಸಿಂಹಯ್ಯನದು. ಅದನ್ನು ಮುಚ್ಚಿಡುವ ಕಷ್ಟವನ್ನೂ ಅವನು ತೆಗೆದುಕೊಂಡಿರಲಿಲ್ಲ.

ಹಿನ್ನೆಲೆ ಇಷ್ಟು. ಅವರ ತೋಟದ ಮೂಲೆಯ ಆ ಕಲ್ಲಿಗೆ ತೋಟದಮ್ಮ ಎನ್ನುತ್ತಾರೆ. ಶ್ರಾವಣದಲ್ಲಿ ದಾಯಾದಿಗಳೆಲ್ಲ, ಜಗಳವಿರಲಿ ಕೋರ್ಟಿರಲಿ, ಒಟ್ಟಿಗೆ ಸೇರಿ ಪೂಜೆ ಮಾಡುತ್ತಾರೆ. ಉಪವಾಸವಿದ್ದ ಒಬ್ಬರ ಮೈಮೇಲೆ ಅಮ್ಮ ಬರುತ್ತಾಳೆ. ಆಗ ಒಬ್ಬೊಬ್ಬರೇ ಹೋಗಿ ಕಿವಿಯ ಹತ್ತಿರ ತಮ್ಮ ಕಷ್ಟ, ತಪ್ಪು, ಹರಕೆ ಹೇಳಿಕೊಳ್ಳುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳಬಾರದೆಂದೇ ಆಗ ತಮಟೆ ಜೋರಾಗಿ ಬಾರಿಸುವುದು. ಪವಿತ್ರ ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಅಮ್ಮ ಅವಳ ಮೇಲೆ ಬಂದಳು. ತಂದೆಗೆ ಹಿಡಿಸಲಾರದ ಹೆಮ್ಮೆ. ಆಗತಾನೇ ಸ್ಮಾರ್ಟ್‌ಫೋನು ಕೊಂಡಿದ್ದರು. ವಿಡಿಯೋ ಮಾಡಿ ತಮ್ಮ ಸೋಷಿಯಲ್ ಮೀಡಿಯಾ ಖಾತೆಗೆ ಹಾಕಿದರು. ಯಾರು ಬೇಕಾದರೂ ನೋಡುವಂತೆ ಅದು ಅಲ್ಲೇ ಇತ್ತು. ಪ್ರತಿ ಶ್ರಾವಣಕ್ಕೂ ಆ ಆ್ಯಪು, ಇಂಥ ವರ್ಷ ಈ ದಿನ ನೀವು ಇದನ್ನು ಹಾಕಿದ್ದಿರಿ ಎಂದು ನೆನಪಿಸುತ್ತಿತ್ತು. ಇವರು ಕೈಮುಗಿದು ಮತ್ತೆ ಷೇರ್ ಮಾಡುತ್ತಿದ್ದರು.

"ಅಳಿಸಿ ಅಂತ ಎಷ್ಟೋ ಸಲ ಕೇಳ್ಕೊಂಡೆ ಸಾರ್. ಅಮ್ಮನ್ನ ಅಳಿಸ್ಬಾರ್ದು, ಮನೆಗೆ ಕೇಡು ಅಂತಾರೆ. ದೊಡ್ಡಪ್ಪ ಮಾಡಿದ್ದು ಹಗೆ ತೀರ್ಸ್ಕೊಳಕ್ಕೆ, ಸರಿ. ಆದ್ರೆ ಕತ್ತಿ ಮಸೆದು ಬಾಗ್ಲಲ್ಲಿ ಇಟ್ಟಿದ್ದು ನಮ್ಮಪ್ಪ ತಾನೆ?"

ಲ್ಯಾಬಿನಲ್ಲಿ ಆಗುತ್ತಿದ್ದುದನ್ನೂ ಹೇಳಿದಳು. ಒಂದಷ್ಟು ಜನ ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಲು ಹೆದರಿ ಬೇರೆಯವರನ್ನು ಕೇಳುತ್ತಿದ್ದರು. "ಇನ್ನೊಂದಷ್ಟು ಜನ ಕೈ ಮುಗಿಯಕ್ಕೆ ಶುರುಮಾಡಿದಾರೆ ಸಾರ್. ಮೊನ್ನೆ ಒಂದಜ್ಜಿ ಶುಗರ್ ಟೆಸ್ಟ್‌ಗೆ ಬಂದು, ರಿಪೋರ್ಟ್ ಆಮೇಲ್ ಕೊಡು, ಮೊದ್ಲು ನನ್ ಸೊಸೆಗೆ ಯಾವಾಗ ಬುದ್ಧಿ ಬತ್ತದೆ ಹೇಳವ್ವ ಅಂತು." ಹಾಗೆ ಹೇಳಿ ನಕ್ಕಳು. ನಗು ಪೂರ್ತಿಯಾಗಲಿಲ್ಲ. "ಮಾಲೀಕ್ರು ಈ ತಿಂಗಳು ನೋಡ್ತೀನಿ ಅಂದಿದಾರೆ. ಮದ್ವೆ ಹೋಯ್ತು, ಹೋಗ್ಲಿ ಬಿಡಿ. ಕೆಲ್ಸನೂ ಹೋದ್ರೆ ನಾನು ಆ ತೋಟಕ್ಕೇ ವಾಪಸ್ ಹೋಗಿ ಆ ಕಲ್ಲಿನ್ ಮುಂದೇನೇ ಕೂರ್ಬೇಕು."

ಇಂಥದ್ದನ್ನೆಲ್ಲ ನಂಬದ ಜಾತಿ ನನ್ನದು. ಆದ್ದರಿಂದ ಕೇಳಬಾರದಿದ್ದರೂ ಕೇಳಿದೆ, "ಆ ದಿನ ನಿಜವಾಗಿ ಏನಾಗಿತ್ತಮ್ಮ?"

"ಗೊತ್ತಿಲ್ಲ ಸಾರ್. ನನಗೊಂದೂ ನೆನಪಿಲ್ಲ. ಆ ವಿಡಿಯೋಗೆ ಮಾತ್ರ ನೆನಪಿರೋದು."

ಗೋವಿಂದಪ್ಪ ನನ್ನ ಕಕ್ಷಿದಾರರು. ಅವರ ಮೇಲೆ ನಾನೇ ನೋಟಿಸು ಕೊಡುವಂತಿಲ್ಲ ಎಂದು ವಿವರಿಸಿದೆ. ನರಸಿಂಹಯ್ಯನ ಮೇಲೆ ಮಾನನಷ್ಟದ ದೂರು ಕೊಡಬಹುದಿತ್ತು. ಅದಕ್ಕೆ ಮೂಲ ವಿಡಿಯೋ ಎಲ್ಲಿಂದ ಬಂತು, ಅವನು ಎಷ್ಟು ಕತ್ತರಿಸಿಕೊಂಡ ಎಂದು ನೋಡಬೇಕಿತ್ತು. ನೀನು ಪೂರ್ತಿ ನೋಡಿದ್ದೀಯಾ ಎಂದರೆ, ಯಾವತ್ತೂ ಇಲ್ಲ ಎಂದಳು. ಅವಳ ತಂದೆಯ ಖಾತೆಯಲ್ಲಿದ್ದ ಮೂಲವನ್ನು ತೆರೆದು, ಇಯರ್‌ಫೋನು ಹಾಕಿಕೊಂಡು ಕೂತೆ.

ನರಸಿಂಹಯ್ಯ ಕಳಿಸಿದ್ದು ಮೊದಲ ತುಣುಕು ಮಾತ್ರ. ಮೂಲ ಇನ್ನೂ ಬಹಳ ಉದ್ದವಿತ್ತು. ಸ್ವಲ್ಪ ಹೊತ್ತಿನ ಮೇಲೆ ಚಿತ್ರ ಅಲ್ಲಾಡುತ್ತದೆ. ಆರತಿ ತಟ್ಟೆ ಹಿಡಿಯಲು ಕರೆದರೆಂದು ಗೋವಿಂದಪ್ಪ ಫೋನನ್ನು ಆರಿಸದೆ, ಕಲ್ಲಿನ ಪಕ್ಕದ ಬಾಳೆಬುಡಕ್ಕೆ ಒರಗಿಸಿ ಹೋಗಿಬಿಟ್ಟಿದ್ದಾರೆ. ಅಲ್ಲಿಂದಾಚೆ ಕಾಣುವುದು ಎಲೆ, ಹುಡುಗಿಯ ಲಂಗದ ಅಂಚು, ಅವಳ ಪಾದ. ನೋಡುವಂಥದ್ದೇನೂ ಇಲ್ಲ. ಅದಕ್ಕೇ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ನಾನೂ ಮುಂದೆ ಓಡಿಸುವುದರಲ್ಲಿದ್ದೆ. ಅಷ್ಟರಲ್ಲಿ ತಮಟೆ ನಿಂತಿತು. ಬಾರಿಸುವವನು ಬೆಂಕಿಗೆ ಚರ್ಮ ಕಾಯಿಸಿಕೊಳ್ಳಲು ಹೋಗಿರಬೇಕು. ಎರಡು ಮಂಡಿ ನೆಲಕ್ಕೂರಿದವು. ಒಂದು ಗಂಡುದನಿ, ಕಿವಿಯ ಪಕ್ಕದಲ್ಲೇ ಹೇಳಿದಂತೆ:

"ತಾಯೀ, ಹುಣಸೆಮರದ್ ತಾವ ಕಲ್ ಸರ್ಸಿದ್ದು ನಾನೇ ಕಣವ್ವ. ತಪ್ಪಾಯ್ತು. ಮಂಡಿ ನೋವು ತಡೆಯಕ್ಕಾಗ್ತಿಲ್ಲ. ಮುಂದುಕ್ಕೆ ವಾಪಸ್ ಹಾಕ್ಬುಡ್ತೀನಿ. ಇದೊಂದ್ಸಲ ಬುಟ್ಬುಡು ತಾಯಿ."

ನರಸಿಂಹಯ್ಯನ ದನಿ. ಕೋರ್ಟಿನ ವರಾಂಡದಲ್ಲಿ ಎಷ್ಟೋ ಸಲ ಕೇಳಿದ್ದ ದನಿ.

ಆ ಕ್ಷಣದ್ದಾಗಿ ನನಗೆ ನೆನಪಿರುವುದು ಖುಷಿ. ಎದುರುಪಕ್ಷದವನ ಬಾಯಿಂದಲೇ ಬಂದ ತಪ್ಪೊಪ್ಪಿಗೆ, ಅದೂ ದೇವರ ಮುಂದೆ. ಆದರೆ ಆಮೇಲೆ ಇನ್ನೊಂದು ದನಿ ಕೇಳಿಸಿತು. ಸಣ್ಣದು, ಒಣಗಿದ್ದು, ಮಗುವಿನದು.

"ನೀರು ಕೊಡಿ."

ಗಂಡುದನಿ ನಿಲ್ಲುವುದಿಲ್ಲ. ಮಂಡಿ ವಾಸಿಯಾದರೆ ಸೀರೆ ಕೊಡುತ್ತೇನೆ, ಹಸಿರು ಸೀರೆ. "ನೀರು ಕೊಡಿ ದೊಡ್ಡಪ್ಪ." ಅವನು ಎದ್ದು ಹೋಗುತ್ತಾನೆ. ದೂರದಲ್ಲಿ ಗೋವಿಂದಪ್ಪನವರ ಜಯಕಾರ. ತಮಟೆ ಮತ್ತೆ ಶುರುವಾಗುತ್ತದೆ. ಅದರೊಳಗೆ ಇನ್ನೂ ಒಂದು ಸಲ ನೀರು ಎಂದಂತಿದೆ, ಖಚಿತವಿಲ್ಲ.

ಇಯರ್‌ಫೋನನ್ನು ಪವಿತ್ರಳಿಗೆ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದಳು. ಮತ್ತೊಮ್ಮೆ ಕೇಳಿದಳು. ಆಮೇಲೆ ಪೂರ್ತಿ ವಿಡಿಯೋವನ್ನು ತನ್ನ ಫೋನಿಗೆ ಇಳಿಸಿಕೊಂಡಳು. ಬಂದಾಗ ಅವಳ ಮುಖದಲ್ಲಿದ್ದದ್ದು ಸಿಟ್ಟು. ಈಗ ಅದು ಆರಿ, ಅದರ ಜಾಗದಲ್ಲಿ ತಣ್ಣಗಿನದೇನೋ ಬಂತು. ನನಗೆ ಅದನ್ನು ನೋಡಿ ಸ್ವಲ್ಪ ಹೆದರಿಕೆಯಾಯಿತು.

ಮರುದಿನ ಗೋವಿಂದಪ್ಪನವರಿಗೆ ಕೇಳಿಸಿದೆ. ಕಲ್ಲಿನ ಮಾತು ಬಂದೊಡನೆ ತೊಡೆ ತಟ್ಟಿ ಎದ್ದುನಿಂತರು. ಮುಂದಿನದನ್ನು ಕೇಳಿಸಿಕೊಳ್ಳಲೇ ಇಲ್ಲ. "ಸಿಕ್ಕಾಕ್ಕೊಂಡ ನನ್ ಮಗ! ಹಾಕಿ ಸ್ವಾಮಿ, ಕೋರ್ಟಲ್ಲೇ ಹಾಕಿ. ದೊಡ್ ಟಿವಿ ತರ್ಸಿ ಹಾಕ್ಸಿ. ಊರೋರ್ನೆಲ್ಲ ಟ್ರಾಕ್ಟರ್‌ನಲ್ಲಿ ತುಂಬ್ಕೊಂಡ್ ಬತ್ತೀನಿ."

ಕೋರ್ಟಿನಲ್ಲಿ ವಿಡಿಯೋ ಹಾಕುವುದೆಂದರೆ ಏನು ಎಂದು ಹೇಳಿದೆ. ಅದನ್ನು ಸಾಕ್ಷ್ಯವಾಗಿ ಗುರುತು ಮಾಡಬೇಕು, ನಾವು ಅದನ್ನು 'ಮಾರ್ಕ್' ಮಾಡುವುದು ಎನ್ನುತ್ತೇವೆ. ತುಣುಕಲ್ಲ, ಪೂರ್ತಿ. ಗುರುತಾದ ಮೇಲೆ ಅದು ಕೋರ್ಟಿನ ದಾಖಲೆ. ನಕಲು ಕೇಳಿ ಅರ್ಜಿ ಹಾಕುವವರು ಹಾಕುತ್ತಾರೆ. ಎದುರು ವಕೀಲರು ಪವಿತ್ರಳನ್ನು ಸಾಕ್ಷಿಕಟ್ಟೆಗೆ ಕರೆಸಿ, ನಿಮಗೆ ಇದು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಔಷಧಿ ತಗೊಂಡಿದ್ದೀರಾ ಎಂದೆಲ್ಲ ಕೇಳುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಕೇಳುತ್ತೇನೆ.

ಪವಿತ್ರ ಬಾಗಿಲ ಹತ್ತಿರ ನಿಂತಿದ್ದಳು. "ನನ್ನನ್ನ ಇನ್ನೊಂದ್ಸಲ ತೋರಿಸ್ಬೇಕಾ ಅಪ್ಪ?"

"ಅದಕ್ಕಲ್ಲ ಕಣವ್ವ. ಅವ್ನು ನಿನ್ ಮದ್ವೆ ಕೆಡಿಸ್ದ. ಸುಮ್ನೆ ಬುಡಕ್ಕಾಗ್ತದಾ?"

"ಸುಮ್ನೆ ಬಿಡ್ಬೇಕು ಅಂತ ಯಾರಂದ್ರು?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ದೊಡ್ಡಪ್ಪನ್ನ ಒಂದ್ಸಲ ಇಲ್ಲಿಗೆ ಕರೆಸ್ತೀರಾ? ರಾಜಿ ಮಾತು ಅಂತ."

ಏನು ಮಾಡುತ್ತಾಳೆಂದು ಹೇಳಲಿಲ್ಲ. ನಾನು ಒಂದೇ ಎಚ್ಚರಿಕೆ ಕೊಟ್ಟೆ. "ಅವನಿಂದ ಏನನ್ನೂ ಕೇಳಬೇಡ. ಇದನ್ನು ಇಟ್ಟುಕೊಂಡು ಕಲ್ಲು ವಾಪಸ್ ಹಾಕು ಅಂತಲೋ ಮತ್ತೊಂದೋ ಕೇಳಿದರೆ ಅದು ಬೆದರಿಕೆ. ಕೇಸು ನಿನ್ನ ಮೇಲೇ ಬೀಳುತ್ತೆ." ತಲೆಯಾಡಿಸಿದಳು. ಎದುರು ವಕೀಲರಿಗೆ ಹೇಳಿಯೇ ನರಸಿಂಹಯ್ಯನನ್ನು ಕರೆಸಿದೆ. "ರಾಜಿಯಾದ್ರೆ ನನಗೂ ಒಂದು ಫೈಲು ಕಮ್ಮಿ, ಮಾತಾಡಿಸಿಕೊಳ್ಳಿ" ಎಂದು ಅವರು ಒಪ್ಪಿದರು.

ಎರಡನೇ ಶನಿವಾರದ ಮಧ್ಯಾಹ್ನ. ನರಸಿಂಹಯ್ಯ ಬಿಳಿ ಶರ್ಟು, ಹೆಗಲ ಮೇಲೆ ಟವೆಲು, ಮಂಡಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ. ಪವಿತ್ರಳನ್ನು ನೋಡಿದ್ದೇ ಬಾಯಿ ಬಿಟ್ಟ.

"ಏನ್ಲಾ ಗೋವಿಂದ, ಮಗಳ್ನೂ ಕರ್ಕೊಂಡ್ ಬಂದಿದೀಯ? ಅಮ್ಮನ್ ಕೈಲೇ ತೀರ್ಪು ಕೊಡುಸ್ತೀಯಾ?"

ಗೋವಿಂದಪ್ಪ ಕುರ್ಚಿಯಿಂದ ಏಳಹೋದರು. ಪವಿತ್ರ ಅವರ ತೋಳು ಹಿಡಿದು ಕೂರಿಸಿದಳು. "ತೀರ್ಪು ಬೇಡ ದೊಡ್ಡಪ್ಪ. ಅಮ್ಮ ಏನಂದ್ಲು ಅಂತ ಎಲ್ಲಾರ್ಗೂ ತೋರ್ಸಿದ್ರಲ್ಲ, ನೀವೇನಂದ್ರಿ ಅಂತ ಒಂದ್ಸಲ ಕೇಳ್ಬುಡಿ."

ತನ್ನ ಫೋನಿನ ಪರದೆಯನ್ನು ಮೇಜಿಗೆ ಮುಖಮಾಡಿ ಮಲಗಿಸಿದಳು. ಚಿತ್ರ ಯಾರಿಗೂ ಕಾಣಲಿಲ್ಲ. ದನಿ ಮಾತ್ರ. ತಮಟೆ, ಆಮೇಲೆ ಮೌನ, ಆಮೇಲೆ ಹುಣಸೆಮರದ ಕಲ್ಲು.

ನರಸಿಂಹಯ್ಯನ ಮುಖ ಕೊಬ್ಬರಿ ಸಿಪ್ಪೆಯಂತೆ ಒಣಗಿತು. ಅವನು ಹೆದರಿದ್ದು ಕೋರ್ಟಿಗಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಅಮ್ಮನ ಕಿವಿಯಲ್ಲಿ ಹೇಳಿದ್ದು ಅಮ್ಮನ ಹತ್ತಿರವೇ ಇರುತ್ತದೆ ಎಂಬುದು ಅವನ ಜೀವಮಾನದ ನಂಬಿಕೆ. ಅದು ಹತ್ತು ವರ್ಷದಿಂದ ಲೋಕದ ಮುಂದೆ ಬಿದ್ದಿತ್ತು, ಯಾರು ಬೇಕಾದರೂ ಕೇಳಬಹುದಿತ್ತು. ಅವನೇ ಅದರ ತುದಿ ಕತ್ತರಿಸಿ ಹಂಚಿದ್ದ.

ಗೋವಿಂದಪ್ಪ ಗೆದ್ದ ಮುಖ ಮಾಡಿಕೊಂಡು ಕೂತಿದ್ದರು. ಅಷ್ಟರಲ್ಲಿ ಆ ಸಣ್ಣ ದನಿ ಬಂತು. ನೀರು ಕೊಡಿ. ನೀರು ಕೊಡಿ ದೊಡ್ಡಪ್ಪ. ಹಿಂದೆಯೇ ಅವರದೇ ಜಯಕಾರ.

ಪವಿತ್ರ ನಿಲ್ಲಿಸಿದಳು. "ಅಪ್ಪ, ಇಷ್ಟು ವರ್ಷದಿಂದ ಎಲ್ಲಾರ್ಗೂ ತೋರಿಸ್ತಾ ಬಂದ್ರಿ. ಒಂದ್ಸಲನೂ ಕೇಳಿಸ್ಕೊಳ್ಳಲಿಲ್ವಾ?"

ಅವಳು ತಂದೆಯ ಫೋನನ್ನೇ ಅವರ ಕೈಗೆ ಕೊಟ್ಟು, ಅಳಿಸುವ ಜಾಗಕ್ಕೆ ತಂದು, ಒತ್ತಿ ಎಂದಳು. ಆ ಸ್ಥಿತಿಯಲ್ಲೂ ಅವರ ಬೆರಳು ಹಿಂಜರಿಯಿತು. "ಅಮ್ಮ ಮುನಿಸ್ಕೊಂಡ್ರೆ?"

"ಮುನಿಸ್ಕೊಂಡಾಗಿದೆ ಅಪ್ಪ. ಎದುರಿಗೇ ಕೂತಿದಾಳೆ ನೋಡಿ."

ಒತ್ತಿದರು. ನನ್ನ ವೃತ್ತಿಯಲ್ಲಿ ನಾನು ನೋಡಿದ ದೊಡ್ಡ ಶಿಕ್ಷೆಗಳಲ್ಲಿ ಅದೊಂದು. ಆ ಮನುಷ್ಯ ಮುಂದೆ ಯಾವತ್ತೂ ಮೊಬೈಲನ್ನು ಮಗಳ ಕಡೆ ಹಿಡಿದಿಲ್ಲವಂತೆ. ಅವಳ ಮದುವೆಯಲ್ಲೂ ಹಿಡಿಯಲಿಲ್ಲ.

ಆಮೇಲೆ ನರಸಿಂಹಯ್ಯ ನೀರು ಕೇಳಿದ, ಪವಿತ್ರ ಜಗ್ಗನ್ನು ತನ್ನ ಕಡೆ ಎಳೆದುಕೊಂಡು "ಸ್ವಲ್ಪ ತಡೀರಿ ದೊಡ್ಡಪ್ಪ" ಎಂದಳು ಎಂದು ನನ್ನ ನೆನಪು ಹೇಳುತ್ತದೆ. ಅಷ್ಟು ಸರಿಯಾಗಿ ಹೊಂದುವ ನೆನಪನ್ನು ನಾನು ನಂಬುವುದಿಲ್ಲ. ಸಾಕ್ಷಿಯೊಬ್ಬ ಹೀಗೆ ಹೇಳಿದ್ದರೆ ನಾನೇ ಅವನನ್ನು ಹರಿದು ಹಾಕುತ್ತಿದ್ದೆ. ಜಗ್ಗು ಮೇಜಿನ ಮೇಲಿತ್ತು ಎಂಬುದಷ್ಟೇ ಖಚಿತ.

ಅವನು ಕೊನೆಗೆ ಕೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. "ಏನ್ ಮಾಡ್ತೀಯ ಇದ್ನ? ಏನ್ ಬೇಕು ನಿಂಗೆ? ಹೇಳ್ಬುಡವ್ವ."

"ಏನೂ ಬೇಡ ದೊಡ್ಡಪ್ಪ. ಅಪ್ಪನ ಖಾತೆಲಿ ಇದ್ದಿದ್ದು ಹೋಯ್ತು. ಇನ್ನು ಇದು ಇರೋದು ನನ್ ಹತ್ರ ಒಂದೇ. ಎಲ್ಲೂ ಹಾಕಲ್ಲ. ಯಾರ್ಗೂ ಕಳಿಸಲ್ಲ. ನೀವು ನನ್ನನ್ನ ಜೇಬಲ್ಲಿ ಇಟ್ಕೊಂಡ್ ತಿರುಗ್ತಿದ್ರಲ್ಲ, ಹಂಗೇ ನಾನೂ ನಿಮ್ಮನ್ನ ಇಟ್ಕೊಂಡಿರ್ತೀನಿ."

ಬೆದರಿಕೆಯೆನ್ನಲು ಬೇಡಿಕೆ ಬೇಕು. ಬೇಡಿಕೆ ಇರಲಿಲ್ಲ. ಕಾನೂನಿನ ಯಾವ ಕಲಮಿಗೂ ಸಿಗದ ಹಾಗೆ ಅವಳು ಹಗೆ ತೀರಿಸಿಕೊಂಡಳು. ಅದರಲ್ಲಿ ಕರುಣೆ ಇತ್ತೇ ಎಂದರೆ, ನನಗೆ ಕಾಣಲಿಲ್ಲ. ಇರಬೇಕಿತ್ತು ಎಂದೂ ನನಗೆ ಅನ್ನಿಸಲಿಲ್ಲ.

ಮುಂದಿನದು ಬೇಗ ಮುಗಿಯಿತು. ಸರ್ವೆಯವರು ಬಂದು ಗಡಿ ಅಳೆದು ಕಲ್ಲು ನೆಡುವ ಕೆಲಸಕ್ಕೆ ಹದ್ದುಬಸ್ತು ಎನ್ನುತ್ತಾರೆ. ಅಲ್ಲಿಯವರೆಗೆ ಪ್ರತಿ ಸಲ ಅಳತೆಯ ಚೈನಿಗೆ ಅಡ್ಡ ನಿಲ್ಲುತ್ತಿದ್ದ ನರಸಿಂಹಯ್ಯ ಈ ಸಲ ದೂರದಲ್ಲಿ ಟವೆಲು ಹಾಸಿಕೊಂಡು ಕೂತಿದ್ದ. ಎರಡು ಸಾಲು ತೆಂಗು ಈಚೆಗೆ ಬಂದವು. ದಾವೆ ರಾಜಿಯಾಯಿತು. ಲ್ಯಾಬಿನಲ್ಲಿ ಪವಿತ್ರಳ ಕೆಲಸ ಉಳಿಯಿತು. ಆದರೂ ಆ ತುಣುಕು ಅವರಿವರ ಫೋನುಗಳಲ್ಲಿ ಇನ್ನೂ ಸುತ್ತುತ್ತಲೇ ಇತ್ತು. ಅದನ್ನು ಹಿಂದಕ್ಕೆ ಪಡೆಯುವ ಆದೇಶವನ್ನು ಯಾವ ಕೋರ್ಟಿನಿಂದಲೂ ನಾನು ತರಲಾರದವನಾಗಿದ್ದೆ. ಅಮ್ಮಸಂದ್ರದವರು ರಾಜಿಯಾದ ವಿಚಾರ ತಿಳಿದು ಮತ್ತೆ ಹೇಳಿಕಳಿಸಿದರು. "ಫೋನ್ ನೋಡಿ ಬಿಟ್ಟೋರು ಫೋನ್ ನೋಡ್ಕೊಂಡೇ ಇರ್ಲಿ" ಎಂದು ಅವಳು ಉತ್ತರ ಕೊಟ್ಟಳು. ಮುಂದೆ ಬೇರೆ ಕಡೆ ಮದುವೆಯಾಯಿತು. ಆ ಹುಡುಗನಿಗೆ ಮೊದಲ ದಿನವೇ ತಾನೇ ಎಲ್ಲ ಹೇಳಿದಳಂತೆ. "ಈಗ ಉಪವಾಸ ಇರ್ತೀರಾ?" ಎಂದಷ್ಟೇ ಅವನು ಕೇಳಿದನಂತೆ. ಇಲ್ಲ ಎಂದಳಂತೆ.

ಆ ಕೇಸಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ತೋಟದ ವ್ಯಾಜ್ಯಕ್ಕೆ ಬಂದವರನ್ನು ಮೊದಲು ಪಹಣಿ ಕೇಳುತ್ತಿದ್ದವನು ಈಗ ಜೊತೆಗೆ ಇನ್ನೊಂದು ಕೇಳುತ್ತೇನೆ: ನಿಮ್ಮ ಮನೆಯವರ ಬಗ್ಗೆ ನೀವು ಮೊಬೈಲಿನಲ್ಲಿ ಏನೇನು ಹಾಕಿದ್ದೀರಿ? ಹುಟ್ಟುಹಬ್ಬ, ಆಸ್ಪತ್ರೆ, ಪರೀಕ್ಷೆ ಫಲಿತಾಂಶ, ಹರಕೆ. ಅದರಲ್ಲಿರುವವರನ್ನು ಕೇಳಿ ಹಾಕಿದಿರಾ? ಹೆಚ್ಚಿನವರು ಪ್ರಶ್ನೆಯೇ ಅರ್ಥವಾಗದವರ ಹಾಗೆ ನೋಡುತ್ತಾರೆ, ನಮ್ಮ ಮಕ್ಕಳು ತಾನೆ ಎನ್ನುತ್ತಾರೆ. ಗೋವಿಂದಪ್ಪನವರೂ ಹಾಗೇ ಅಂದಿದ್ದರು. ಹಗೆ ಇರುವ ಊರಲ್ಲಿ ಪ್ರೀತಿಯಿಂದ ಹಾಕಿದ್ದೇ ಮೊದಲು ಹಗೆಯವರ ಕೈಗೆ ಸಿಗುತ್ತದೆ, ಏಕೆಂದರೆ ಅದನ್ನು ಬಚ್ಚಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ನರಸಿಂಹಯ್ಯ ಈಗಲೂ ಸಿಗುತ್ತಾನೆ, ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯ ಬಾಗಿಲಲ್ಲಿ. ಮಂಡಿ ಇನ್ನೂ ವಾಸಿಯಾಗಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಅದೇ ಪ್ರಶ್ನೆ ಕೇಳುತ್ತಾನೆ. "ಸ್ವಾಮಿ, ಆ ಹುಡ್ಗಿ ಅದ್ನ ಅಳಿಸುದ್ಲಾ?" ಕಕ್ಷಿದಾರರ ವಿಷಯ ಹೇಳುವಂತಿಲ್ಲ ಕಣಪ್ಪ ಎನ್ನುತ್ತೇನೆ. ಅವನು ಕುಂಟುತ್ತ ಹೋಗುತ್ತಾನೆ.

ರಾಜಿ ಮಾತಿನ ಆ ಶನಿವಾರ, ಅವರಿಬ್ಬರೂ ಮೆಟ್ಟಿಲಿಳಿದು ಹೋದ ಮೇಲೆ ಪವಿತ್ರ ಒಂದು ನಿಮಿಷ ನನ್ನ ಆಫೀಸಿನಲ್ಲಿ ಹಿಂದುಳಿದಿದ್ದಳು. ಫೋನು ಕೈಯಲ್ಲಿತ್ತು. ಅವಳು ಏನು ಮಾಡಿದಳೆಂದು ನಾನು ನೋಡಿದೆ, ಅಥವಾ ನೋಡಿದೆ ಎಂದು ನೆನಪು.

ಇದನ್ನು ಪೇಪರಿಗೆ ಬರೆಯುವ ಮುಂಚೆ ಅವಳಿಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. "ನನ್ನನ್ನ ಕೇಳಿ ಹಾಕ್ತಿರೋರು ನೀವೇ ಮೊದಲ್ನೇಯವ್ರು ಸಾರ್" ಎಂದಳು. "ಬರೀರಿ. ಹೆಸರು ಬದಲಿಸಿ. ಅದನ್ನ ಅಳಿಸಿದ್ನೋ ಇಲ್ವೋ ಅನ್ನೋದೊಂದು ಮಾತ್ರ ಬರೀಬೇಡಿ. ದೊಡ್ಡಪ್ಪ ದಿನಾ ಬೇರೆಯವ್ರ ಹತ್ರ ಪೇಪರ್ ಓದಿಸ್ಕೊಂಡ್ ಕೇಳ್ತಾರಂತೆ."

ಬರೆದಿಲ್ಲ.